ಗೋಡೋ ಒಳಗ ರ‍್ಯಾಂಡಮ್ ಲೆವೆಲ್ ಮಾಡೋದು ಎಲ್ಲಿಂದ ಕಲೀಬೇಕು? ನನ್ನ ಬಾವ್ಯಾಗ ದಾರಿನ ಮುಚ್ಚಿ ಹೋಗಾಕತ್ತಾವು

ಲಕ್ಕುಂಡಿ_ಹುಡುಗ

ಎಲ್ಲಾರಿಗೂ ನಮಸ್ಕಾರ್ರಿ. ನಾನು ಗದಗ ಕಡೆಯಾಂವ, ಈಗ ಹುಬ್ಬಳ್ಳ್ಯಾಗ ಬಿಸಿಎ ಓದಾಕತ್ತೀನಿ. ಗೋಡೋ 4 ಅನ್ನೋ ಗೇಮ್ ಕಟ್ಟೋ ಎಂಜಿನ್ ಒಳಗ ಒಂದು ಸಣ್ಣ 2ಡಿ ಗೇಮ್ ಮಾಡಾಕತ್ತೀನ್ರಿ, ಸೈಡ್ ವ್ಯೂ, ಅಂದ್ರ ಬಾಜೂದಿಂದ ನೋಡೋದು. ಐಡಿಯಾ ಏನಂದ್ರ ನಮ್ಮ ಲಕ್ಕುಂಡಿ ಮುಸುಕಿನ ಬಾವಿ ಐತೆಲ್ಲ, ಅಂಥಾದ್ದೊಂದು ಮೆಟ್ಟಿಲು ಬಾವಿ, ಒಬ್ಬಾಕಿ ಹುಡುಗಿ ಮ್ಯಾಲಿಂದ ಇಳಕೋಂತ ಹೋಗ್ತಾಳ, ಕೆಳಗ ಹೋದಂಗ ಕಲ್ಲಿನ ಕಟ್ಟಡ ಹೋಗಿ ಗವಿ ಸುರು ಆಗ್ತೈತಿ, ತಳದಾಗ ನೀರು ಸಿಕ್ರ ಲೆವೆಲ್ ಮುಗೀತು. ಪ್ರತಿ ಸಲ ಆಡಿದಾಗ ಬಾವಿ ಬ್ಯಾರೆ ಇರಬೇಕು ಅಂತ ನನ್ನ ಆಸೆ, ಅದಕ್ಕ ಪ್ರೊಸೀಜರಲ್ ಜನರೇಶನ್, ಅಂದ್ರ ನಿಯಮ ಕೊಟ್ಟು ಕೋಡಿನಿಂದನ ಲೆವೆಲ್ ಹುಟ್ಟಸೋದು, ಕಲ್ಯಾಕ ಕುಂತೀನಿ.

ಯೂಟ್ಯೂಬ್‌ನ್ಯಾಗ ವಿಡಿಯೋ ಭಾಳ ಅದಾವು, ಧಾರವಾಡಕ್ಕ ಹೋಗಿ ಬರೂ ಮುಂದ ಚಿಗರಿ ಬಸ್ಸಿನ್ಯಾಗ ಅದನ್ನ ನೋಡ್ತೀನಿ, ಆದ್ರ ಒಬ್ಬಾಂವ ಪರ್ಲಿನ್ ನಾಯ್ಸ್ ಅಂತಾನ, ಇನ್ನೊಬ್ಬಾಂವ ಬಿಎಸ್‌ಪಿ (ಜಾಗಾನ ಎರಡೆರಡು ಪಾಲು ಮಾಡ್ಕೋಂತ ಹೋಗೋದು) ಅಂತಾನ, ಮತ್ತೊಬ್ಬಾಂವ ವೇವ್ ಫಂಕ್ಷನ್ ಕೊಲ್ಯಾಪ್ಸ್ ಬಿಟ್ಟು ಬ್ಯಾರೆ ಏನೂ ಕಲೀಬ್ಯಾಡ ಅಂತಾನ, ಯಾವುದು ಮದ್ಲ ಹಿಡೀಬೇಕು ಅನ್ನೋದ ತಿಳಿವಲ್ದು. ಸದ್ಯಕ್ಕ ಸೆಲ್ಯುಲರ್ ಆಟೊಮೇಟಾ (ಸುತ್ತಲಿನ ಚೌಕ ಎಣಿಸಿ ಕಲ್ಲೋ ಬಯಲೋ ಅಂತ ಆರಸೋದು) ವಿಡಿಯೋ ನೋಡಿ ಗವಿ ಬರೂವಂಗ ಮಾಡೀನಿ. ಅದರಾಗ ಮೂರು ತ್ರಾಸ ಅದಾವು.

ಒಂದು, ಒಮ್ಮೊಮ್ಮೆ ಗವಿ ಎರಡು ತುಂಡಾಗಿ ಬರ್ತೈತಿ, ಹುಡುಗಿ ಒಂದು ಕಡೆ, ನೀರು ಇನ್ನೊಂದು ಕಡೆ, ನಡುವ ಪೂರಾ ಕಲ್ಲು. ಎರಡು, ಸೀಡ್ (ರ‍್ಯಾಂಡಮ್ ನಂಬರ್ ಸುರು ಮಾಡಾಕ ಕೊಡೋ ಅಂಕಿ) ಒಂದ ಕೊಟ್ರ ಲೆವೆಲ್ ಒಂದ ಬರಬೇಕು ಅಂತಾರಲ್ರಿ, ನಾನು ರ‍್ಯಾಂಡಮ್ ನಂಬರ್ ಜನರೇಟರಿಗೆ ಸೀಡ್ 42 ಕೊಟ್ಟ ಇಟ್ಟೀನಿ, ಗ್ವಾಡಿ ಎಲ್ಲಾ ಅಲ್ಲಲ್ಲೇ ಬರ್ತಾವು, ಆದ್ರ ದೀಪ, ಹಾವು, ಬಂಗಾರದ ನಾಣ್ಯ ಪ್ರತಿ ಸಲ ಜಾಗಾ ಬದಲಿ ಮಾಡ್ತಾವು. ಮೂರನೇದು ಹೆಂಗ ಹೇಳಬೇಕೋ ಗೊತ್ತಿಲ್ರಿ, ಬಂದ ಲೆವೆಲ್ ನೋಡಿದ್ರ ಬಾವಿ ಅನ್ಸೂದ ಇಲ್ಲ. ಯಾವುದೋ ಗವಿ ಅನ್ಸತೈತಿ ಅಷ್ಟ.

ಲ್ಯಾಪ್‌ಟಾಪ್ 4 ಜಿಬಿ ರ‍್ಯಾಮಿಂದು. ಕನ್ನಡ ಮೀಡಿಯಮ್‌ನ್ಯಾಗ ಓದೀನಿ, ಇಂಗ್ಲಿಷ್ ಓದಿದ್ರ ತಿಳೀತೈತಿ ಆದ್ರ ನಿಧಾನ. ಗಣಿತ ಭಾಳ ಬೇಕಾಗ್ತೈತೇನ್ರಿ ಇದಕ್ಕ? ಯಾರರ ದಾರಿ ತೋರಸ್ರಿ.

---

ಸಾಧನಕೇರಿ_ಸಿ

ತಮ್ಮಾ, ಐಡಿಯಾ ಅಗದೀ ಛಲೋ ಅದ, ಬಿಡಬ್ಯಾಡ. ಗಣಿತದ ಚಿಂತಿ ತಗದು ಹಾಕು, ಕೂಡಸೂದು, ಶೇಷ ತಗಿಯೂದು, ಅರೇ (ಸಾಲಾಗಿ ಇಟ್ಟ ಪಟ್ಟಿ) ಮ್ಯಾಲ ಲೂಪ್ ತಿರಗ್ಸೂದು ಬಂದ್ರ ಈ ಕೆಲಸದ ಮುಕ್ಕಾಲು ಪಾಲು ನಡೀತದ.

ನಿನ್ನ ಮೊದಲನೇ ಪ್ರಶ್ನೆದಾಗನ ಎಲ್ಲಾ ಅದ ಅಂತ ನನಗ ಅನಸ್ತದ. ನೀ ಮದ್ಲ ಗವಿ ಮಾಡಿ ಆಮ್ಯಾಲೆ ಅದರಾಗ ದಾರಿ ಅದನೋ ಇಲ್ಲೋ ಅಂತ ಹುಡಕ್ಲಿಕತ್ತೀ. ಉಲ್ಟಾ ಮಾಡು. ಮದ್ಲ ದಾರಿ ಮಾಡು, ಆಮ್ಯಾಲೆ ಅದರ ಸುತ್ತ ಗವಿ ಕಟ್ಟು. ದಾರಿ ಇರೂದು ಅದೃಷ್ಟದ ಮಾತಾಗಬಾರದು, ಅದು ನಿನ್ನ ಕೋಡಿನ ಮೊದಲನೇ ಸಾಲಿನಾಗನ ಗ್ಯಾರಂಟಿ ಆಗಿರಬೇಕು.

ಈ ವಿಚಾರ ಇವತ್ತಿಂದಲ್ಲ. 1980ರ ರೋಗ್ ಅನ್ನೋ ಗೇಮ್ ಇಂದನ ಪ್ರತಿ ಸಲ ಲೆವೆಲ್ ಬದಲಾಗೂ ಇಂಥಾ ಗೇಮಿಗೆ ರೋಗ್‌ಲೈಕ್ ಅನ್ನೋ ಹೆಸರು ಬಂತು, ಅದು ಪೂರಾ ಅಕ್ಷರದಾಗ ಇದ್ದ ಗೇಮು, ಗೋಡಿ ಅಂದ್ರ ಗೆರಿ, ನೀನು ಅಂದ್ರ ಒಂದು ಚಿಹ್ನೆ. ಅದರಾಗ ಪರದೆನ್ನ ಮೂರು ಬೈ ಮೂರು ಪಾಲು ಮಾಡಿ ಒಂದೊಂದು ಪಾಲಿಗೆ ಒಂದೊಂದು ಖೋಲಿ ಇಟ್ಟು, ಪಕ್ಕದ ಪಾಲಿಗೆ ಓಣಿ ಕೂಡಸ್ತಿದ್ರು. ಅಷ್ಟ. ಅಷ್ಟರಿಂದನ ಜನ ವರ್ಷಗಟ್ಟಲೆ ಆಡಿದ್ರು.

ನಿನಗ ಅದಕ್ಕಿಂತ ಹತ್ತಿರದ್ದು ಸ್ಪೆಲಂಕಿ ಅನ್ನೋ ಗೇಮು. ಡೆರೆಕ್ ಯು ಅಂತ ಅದನ್ನ ಮಾಡಿದವ, 2008ರಾಗ ಫ್ರೀ ಬಿಟ್ಟಿದ್ದ. ಅದೂ ಸೈಡ್ ವ್ಯೂ, ಅದೂ ಮ್ಯಾಲಿಂದ ಕೆಳಗ ಇಳಿಯೂದ. ಅದರ ಲೆವೆಲ್ ನಾಲ್ಕು ಬೈ ನಾಲ್ಕು, ಅಂದ್ರ 16 ಖೋಲಿ, ಒಂದು ಖೋಲಿ 10 ಟೈಲ್ (ಟೈಲ್ ಅಂದ್ರ ಒಂದು ಸಣ್ಣ ಚೌಕ) ಅಗಲ 8 ಟೈಲ್ ಎತ್ತರ. ಮ್ಯಾಲಿನ ಸಾಲಿನಾಗ ಯಾವುದರ ಒಂದು ಖೋಲಿಯಿಂದ ಸುರು ಮಾಡಿ ಕೆಳಗಿನ ಸಾಲಿನ ತನಕಾ ಮದ್ಲ ಒಂದು ದಾರಿ ಹಾಕ್ಕೋತದ, ಆಮ್ಯಾಲೆನ ಉಳಿದಿದ್ದು.

ಈಗ ಕಂಪ್ಯೂಟರ್ ಬಂದ್ ಮಾಡಿ ಚೌಕಳಿ ಹಾಳಿ ಒಂದು, ಲೂಡೋ ದಾಳ ಒಂದು ತಗೊಂಡು ಕೂಡು. ನಾಲ್ಕು ಬೈ ನಾಲ್ಕು ಮನಿ ಹಾಕು. ಮ್ಯಾಲಿನ ಸಾಲಿನಾಗ ಒಂದು ಮನಿ ಆರಿಸ್ಕೊ. ದಾಳ ಹಾಕು. 1 ಅಥವಾ 2 ಬಿದ್ರ ಎಡಕ್ಕ, 3 ಅಥವಾ 4 ಬಿದ್ರ ಬಲಕ್ಕ, 5 ಬಿದ್ರ ಕೆಳಗ, 6 ಬಿದ್ರ ಮತ್ತ ಹಾಕು. ಗೋಡಿಗೆ ಬಡದ್ರ ಕೆಳಗ ಇಳಿ. ಒಂದು ಸಾಲಿನಾಗ ಯಾವ ದಿಕ್ಕಿಗೆ ಹೊಂಟೀಯೋ ಅದ ದಿಕ್ಕಿಗೆ ಹೋಗು, ಬಂದ ಮನಿಗೆ ವಾಪಸ್ ಬ್ಯಾಡ. ಕಡೀ ಸಾಲಿನಾಗ ಮತ್ತ ಕೆಳಗ ಅಂತ ಬಂತಂದ್ರ ಅದು ನೀರಿನ ಜಾಗಾ.

ದಾರಿ ಹಾದು ಹೋದ ಮನಿಗೆ ನಂಬರ್ ಬರಿ. ಎಡಬಲ ಬಾಗಲಾ ಇದ್ರ 1. ಎಡಬಲದ ಜೋಡಿ ತಳಾನೂ ತೆರದಿದ್ರ 2. ಎಡಬಲದ ಜೋಡಿ ಮ್ಯಾಲೆ ತೆರದಿದ್ರ 3. ದಾರಿಗೆ ಸಂಬಂಧ ಇಲ್ಲದ್ದು 0. ಒಂದು 2ರ ಕೆಳಗ ಇನ್ನೊಂದು 2 ಬಂದ್ರ ಕೆಳಗಿನದರ ಮಾಳಿಗಿನೂ ತಗೀಬೇಕು, ಇದೊಂದು ನೆನಪಿಡು. ಹಿಂಗ ಬರ್ತದ ನೋಡು:

0 1 2 0
2 1 3 0
2 0 0 0
3 1 0 0

ಮ್ಯಾಲಿನ ಸಾಲಿನ ಎರಡನೇ ಮನಿಯಿಂದ ಸುರು, ಬಲಕ್ಕ ಒಂದು, ಕೆಳಗ, ಎಡಕ್ಕ ಎರಡು, ಗೋಡಿ ಬಡದು ಕೆಳಗ, 5 ಬಿದ್ದು ಮತ್ತ ಕೆಳಗ, ಬಲಕ್ಕ ಒಂದು, ಅಲ್ಲಿ 5 ಬಿತ್ತು, ಅಲ್ಲೇ ನೀರು. ಬೆರಳಿಟ್ಟು ನೋಡು, ದಾರಿ ಎಲ್ಲೂ ತಪ್ಪಂಗಿಲ್ಲ.

ಇದಾದ ಮ್ಯಾಲೆ ನಂಬರಿಗೆ ನಾಲ್ಕೈದು ಖೋಲಿ ನೀನ ಕೈಯಿಂದ ಬಿಡಸು, ಒಂದೊಂದನ್ನೂ ಆಡಿ ನೋಡು, ಹುಡುಗಿ ಜಿಗದ್ರ ಹತ್ತತಾಳೋ ಇಲ್ಲೋ ಅಂತ. ಜನರೇಟರಿನ ಕೆಲಸ ಯಾವ ಖೋಲಿ ಎಲ್ಲಿ ಅಂತ ಆರಸೂದಷ್ಟ. ಖೋಲಿ ಛಂದ ಇರೂದು ನಿನ್ನ ಕೈಯಾಗ. ಇದನ್ನ ಕೋಡಿಗೆ ಇಳಿಸಿ ಒಂದು ಪೂರ್ತಿ ಲೆವೆಲ್ ಆಡಾಕ ಬರೂವಂಗ ಮಾಡು, ಅಲ್ಲೀತನಕಾ ಬ್ಯಾರೆ ವಿಡಿಯೋ ನೋಡಬ್ಯಾಡ.

---

ಹಾವೇರಿ_ಪಿಕ್ಸೆಲ್

ನಾನು ಎರಡನೇ ಪ್ರಶ್ನೆಗಷ್ಟ ಹೇಳ್ತೀನಿ. ಕೋಡ್ ಹಾಕಿಲ್ಲ ನೀನು, ಆದ್ರೂ ನೀ ಹೇಳಿದ್ದು ಕೇಳಿದ್ರ ದೀಪ ಹಾವು ಇಡೂ ಮುಂದ ಅರೇ ಮ್ಯಾಲ ಶಫಲ್ (ಪಟ್ಟಿ ಕಲಸೂದು) ಇಲ್ಲಾ ಒಂದನ್ನ ಆರಸೂ ಪಿಕ್ ರ‍್ಯಾಂಡಮ್ ಕರದಿರ್ತಿ ಅನ್ಸತೈತಿ, ಹೌದಲ್ಲೊ? ಗೋಡೋ ಒಳಗ ಆ ಎರಡೂ ಫಂಕ್ಷನ್ ನಿನ್ನ ಜನರೇಟರ್ ಮುಟ್ಟೂದ ಇಲ್ಲ, ಅವು ಎಂಜಿನ್ನಿನ ಗ್ಲೋಬಲ್ ರ‍್ಯಾಂಡಮ್‌ನಿಂದ ನಂಬರ್ ತಗೋತಾವು, ಗೋಡೋ 4ರಾಗ ಗೇಮ್ ಸುರು ಆದಾಗೆಲ್ಲ ಅದಕ್ಕ ತಾನ ಹೊಸ ಸೀಡ್ ಬೀಳ್ತೈತಿ. ನಿನ್ನ 42 ಗ್ವಾಡಿಗಷ್ಟ ಹತ್ತೇತಿ, ಸಾಮಾನಿಗೆ ಹತ್ತಿಲ್ಲ.

ಶಫಲ್ ನೀನ ಬರಕೊ, ಐದಾರು ಸಾಲಿನ ಕೆಲಸ. ಅರೇದ ಕಡೀ ಜಾಗಾದಿಂದ ಸುರು ಮಾಡು, ಸೊನ್ನಿಯಿಂದ ಆ ಜಾಗಾದ ತನಕಾ ಒಂದು ನಂಬರ್ ನಿನ್ನ ಜನರೇಟರಿಂದ ತಗೊ, ಆ ಎರಡೂ ಜಾಗಾದಾಗಿನದನ್ನ ಅದಲು ಬದಲು ಮಾಡು, ಒಂದು ಹಿಂದಕ ಸರಿ, ಮತ್ತ ಅದ. ಇದಕ್ಕ ಫಿಶರ್ ಯೇಟ್ಸ್ ಅಂತಾರ. ಪಿಕ್ ರ‍್ಯಾಂಡಮ್ ಬದಲಿ ಜನರೇಟರಿಂದ ಒಂದು ಇಂಡೆಕ್ಸ್ ತಗೊಂಡ್ರ ಆತು.

ಇನ್ನೊಂದು ಈಗ ಮಾಡಿಟ್ಟುಕೊ, ಆಮ್ಯಾಲ ಭಾಳ ಉಪಯೋಗ ಆಗ್ತೈತಿ. ಜನರೇಟರ್ ಒಂದಲ್ಲ ಎರಡು ಇಟ್ಟುಕೊ, ಒಂದು ಬಾವಿ ಕಟ್ಟಾಕ, ಒಂದು ಸಾಮಾನು ಇಡಾಕ. ಒಂದ ಇದ್ರ ಏನಾಗ್ತೈತಿ ಅಂದ್ರ ನಾಳೆ ನೀನು ಮ್ಯಾಲಿನ ಖೋಲ್ಯಾಗ ಇನ್ನೊಂದು ನಾಣ್ಯ ಇಡಾಕ ಹೋದ್ರ ಒಂದು ನಂಬರ್ ಹೆಚ್ಚಿಗಿ ಖರ್ಚಾಗಿ ಅಲ್ಲಿಂದ ಮುಂದಿನ ಬಾವಿನ ಪೂರಾ ಬದಲಾಗ್ತೈತಿ, ಛಲೋ ಅಂತ ಬರದಿಟ್ಟುಕೊಂಡ ಸೀಡ್ ಎಲ್ಲಾ ನೀರಾಗ ಹೋಗ್ತಾವು. ಸಾಮಾನಿನ ಜನರೇಟರಿಗೆ ಬಾವಿ ಸೀಡಿಗೆ ಒಂದು ಕೂಡಿಸಿ ಕೊಡು, ಸಾಕು.

ಸೀಡ್ ಗಟ್ಟಿ ಆತಂದ್ರ ಟೆಸ್ಟಿಂಗಿನ ದಾರಿ ತೆರೀತೈತಿ. ಗೋಡೋನ ಹೆಡ್‌ಲೆಸ್ ಮೋಡ್‌ನ್ಯಾಗ ಚಿತ್ರ ತೋರಸ್ದ ಓಡಿಸಿ 1ರಿಂದ 1000ದ ತನಕಾ ಎಲ್ಲಾ ಸೀಡಿಗೂ ಬಾವಿ ಮಾಡಿಸು, ಮ್ಯಾಲಿಂದ ನೀರಿಗೆ ಮುಟ್ಟಾಕ ಆಗಲಾರದ್ದು ಯಾವುದು ಅಂತ ಆ ಸೀಡ್ ನಂಬರ್ ಅಷ್ಟ ಪ್ರಿಂಟ್ ಮಾಡ್ಸು. 4 ಜಿಬಿ ಮಷಿನ್ನಿಗೂ ಇದೇನು ಭಾರ ಆಗಂಗಿಲ್ಲ, 40 ಬೈ 32 ಟೈಲ್ ಅಂದ್ರ 1280 ಚೌಕ, ಎಷ್ಟರದ್ದು. ಕೆಟ್ಟ ಸೀಡ್ ಕೈಯಾಗ ಸಿಕ್ಕರ ತಪ್ಪು ಹುಡುಕೂದು ಭಾಳ ಸರಳ.

---

ಉಣಕಲ್_ಲೂಪ್

ನಾ ಸ್ವಲ್ಪ ಬ್ಯಾರೆ ಹೇಳ್ತೀನ್ರಿ, ಯಾರೂ ಸಿಟ್ಟಾಗಬ್ಯಾಡ್ರಿ. ವೇವ್ ಫಂಕ್ಷನ್ ಕೊಲ್ಯಾಪ್ಸ್ ಯಾಕ ಬ್ಯಾಡ? ಮೆಟ್ಟಿಲು, ಕಂಬ, ಗೂಡು ಎಲ್ಲಾ ಒಂದರ ಪಕ್ಕ ಒಂದು ಕರೆಕ್ಟ್ ಕೂಡಬೇಕಂದ್ರ ಅದಕ್ಕಿಂತ ಛಲೋ ಯಾವುದೈತಿ? ಒಂದು ಸಣ್ಣ ಚಿತ್ರ ಕೊಟ್ರ ಯಾವ ಟೈಲಿನ ಬಾಜೂಕ ಯಾವ ಟೈಲ್ ಬರಬಹುದು ಅನ್ನೋದನ್ನ ಅದ ಕಲೀತೈತಿ. 2016ರಾಗ ಮ್ಯಾಕ್ಸಿಮ್ ಗುಮಿನ್ ಅನ್ನಾಂವ ಕೋಡ್ ಓಪನ್ ಬಿಟ್ಟಾನ, ಆಮ್ಯಾಲ ಬ್ಯಾಡ್ ನಾರ್ತ್, ಟೌನ್‌ಸ್ಕೇಪರ್ ಅಂಥಾ ಗೇಮ್‌ದಾಗ ಬಳಸ್ಯಾರ. ಹುಡುಗ ಹೊಸದನ್ನ ಕಲ್ಯಾಕ ಬಂದಾನ, 1980ರಿಂದ ಯಾಕ ಸುರು ಮಾಡಸ್ತೀರಿ?

---

ಸಾಧನಕೇರಿ_ಸಿ

ಸಿಟ್ಟು ಯಾಕ ಬರ್ತದ್ರಿ, ಟೌನ್‌ಸ್ಕೇಪರ್ ನೋಡಿದ್ರ ನನಗೂ ಕಣ್ಣು ತಗೀಲಿಕ್ಕೆ ಮನಸ್ಸಾಗೂದಿಲ್ಲ. ಆದ್ರ ಆ ವಿಧಾನ ನೋಡೂದು ಬಾಜೂ ಬಾಜೂದ ಟೈಲ್ ಅಷ್ಟ. ಮೆಟ್ಟಿಲ ಪಕ್ಕ ಮೆಟ್ಟಿಲ ಬಂತು, ಕಂಬದ ಮ್ಯಾಲೆ ತೊಲಿ ಬಂತು, ಅದು ಕರೆಕ್ಟ್. ಮ್ಯಾಲಿನ ಹುಡುಗಿ ತಳದ ನೀರಿಗೆ ಮುಟ್ಟತಾಳೋ ಇಲ್ಲೋ ಅನ್ನೂದು ಅದಕ್ಕ ಗೊತ್ತ ಆಗೂದಿಲ್ಲ, ಅದನ್ನ ನೀವ ಬ್ಯಾರೆ ಹೇಳಿ ಕೊಡಬೇಕು. ಮತ್ತ ನಡುವ ಒಂದು ಚೌಕಕ್ಕ ಯಾವ ಟೈಲೂ ಹೊಂದೂದಿಲ್ಲ ಅನ್ನೂವಂಗ ಸಿಕ್ಕಿ ಬೀಳ್ತದ, ಆವಾಗ ಪೂರಾ ಅಳಿಸಿ ಮತ್ತ ಮೊದಲಿಂದ ಸುರು ಮಾಡಬೇಕು ಇಲ್ಲಾ ಹಿಂದಕ ಸರೀಬೇಕು. ಹೊಸಬಗ ಅದು ಯಾಕ ಸಿಕ್ಕಿ ಬಿತ್ತು ಅಂತ ತಿಳಿಯೂದು ಕಠಿಣ. ದಾರಿ ಹಾಕಿದ ಮ್ಯಾಲೆ ಖೋಲಿ ಒಳಗಿನ ಶೃಂಗಾರಕ್ಕ ಅದನ್ನ ತರಲಿ, ನನ್ನದೇನೂ ತಕರಾರಿಲ್ಲ.

ಇನ್ನೊಂದು ಮಾತು ಸೈಡ್ ವ್ಯೂ ಗೇಮಿಗಂತ ಹೇಳಬೇಕು. ಚೌಕ ಚೌಕಕ್ಕ ಹತ್ತಿಕೊಂಡದ ಅಂದ್ರ ಹೋಗ್ಲಿಕ್ಕೆ ಬರ್ತದ ಅಂತಲ್ಲ. ಮ್ಯಾಲಿಂದ ನೋಡೂ ಗೇಮ್‌ನಾಗ ಅದು ನಡೀತದ, ಇಲ್ಲಿ ಬೀಳೂದು ಅದ. ನಿನ್ನ ಹುಡುಗಿ 3 ಟೈಲ್ ಜಿಗೀತಾಳ ಅಂತ ಇಟ್ಟುಕೊ, ದಾರಿ ಬಿಟ್ಟು ಬಾಜೂಕ 5 ಟೈಲ್ ಆಳದ ಗುಂಡಿ ಒಂದು ಬಂತಂದ್ರ ಅದರಾಗ ಬಿದ್ದಾಕಿ ಅಲ್ಲೇ. ಕೋಡ್ ನೋಡಿದ್ರ ಎಲ್ಲಾ ಜೋಡಿಸ್ಕೊಂಡದ ಅಂತನ ಹೇಳ್ತದ. ಅದಕ್ಕ ಒಂದು ನಿಯಮ ಹಾಕ್ಕೊ, ತಳದಾಗ ದಾರಿ ಇಲ್ಲದ ಗುಂಡಿ ಯಾವುದೂ ಜಿಗತಕ್ಕಿಂತ ಆಳ ಇರಬಾರದು. ಇದ್ರ ಒಂದು ಬದಿಗೆ ಮೆಟ್ಟಿಲು ಹಾಕಿಬಿಡು. ಮೆಟ್ಟಿಲು ಬಾವಿನೇ ಅಲ್ಲ, ಮೆಟ್ಟಿಲು ಎಷ್ಟಿದ್ರೂ ಛಂದನ.

---

ನವನಗರ_ನೈಟ್

ನಡುವ ಬಂದೆ ಅಂತ ತಿಳ್ಕೊಬ್ಯಾಡ್ರಿ, ನಾನು ಯೂನಿಟಿ ಅನ್ನೋ ಬ್ಯಾರೆ ಎಂಜಿನ್ ಬಳಸ್ತೀನಿ. ಪರ್ಲಿನ್ ನಾಯ್ಸ್ ಕರದ್ರ ಎಲ್ಲಾ ಚೌಕಕ್ಕೂ ಒಂದ ನಂಬರ್ ಬರಾಕತ್ತೈತಿ, 0.46 ಏನೋ. ಹಿಂಗ್ಯಾಕ?

---

ಕಪ್ಪತಗುಡ್ಡ

@ನವನಗರ_ನೈಟ್ ನೀವು ಪೂರ್ಣಾಂಕ ಕೊಡಾಕತ್ತೀರಿ, 1, 2, 3 ಅಂತ. ಪರ್ಲಿನ್ ನಾಯ್ಸ್ ಪೂರ್ಣಾಂಕದ ಜಾಗಾದಾಗೆಲ್ಲ ಒಂದ ಬೆಲೆ ಕೊಡ್ತೈತಿ, ಏರಿಳಿತ ಇರೂದು ಆ ಜಾಗಾಗಳ ನಡುವ. ಎಕ್ಸ್ ವಾಯ್ ಎರಡನ್ನೂ 0.1ರಿಂದ ಗುಣಸಿ ಕೊಡ್ರಿ, ಸರಿ ಹೋಗ್ತೈತಿ. ಗೋಡೋದಾಗ ನಾಯ್ಸ್ ಮಾಡೂ ಫಾಸ್ಟ್‌ನಾಯ್ಸ್‌ಲೈಟ್ ಒಳಗ ಫ್ರೀಕ್ವೆನ್ಸಿ (ಅಂದ್ರ ಹಿಂಗ ಗುಣಸೂ ಅಂಕಿ) ಮದ್ಲಿಗೇ 0.01 ಇರ್ತೈತಿ, ಅದಕ್ಕ ಅಲ್ಲಿ ಈ ತ್ರಾಸ ಕಾಣಂಗಿಲ್ಲ.

ತಮ್ಮಾ, ನಾಯ್ಸ್ ಅಂದ್ರ ಏನು ಅನ್ನೋದು ವಿಡಿಯೋದವ್ರು ಗ್ರಾಫ್ ಹಾಕಿ ಗೊಂದಲ ಮಾಡಿರ್ತಾರ, ನೀ ಗದಗಿನಾಂವ, ನಮ್ಮ ಕಪ್ಪತಗುಡ್ಡದ ಸಾಲು ನೆನಸ್ಕೊ. ಒಂದು ಜಾಗಾ ಎತ್ತರ ಐತಿ ಅಂದ್ರ ಅದರ ಪಕ್ಕದ ಹೆಜ್ಜಿನೂ ಹೆಚ್ಚೂಕಡಿಮಿ ಅಷ್ಟ ಎತ್ತರ, ಒಮ್ಮಿಂದೊಮ್ಮೆಲೆ ಪಾತಾಳಕ್ಕ ಹೋಗಂಗಿಲ್ಲ, ಆದ್ರ ದೂರ ಹೋದಂಗ ಎಲ್ಲಿ ಏನಿರ್ತೈತಿ ಹೇಳಾಕ ಬರಂಗಿಲ್ಲ. ದಾಳದ ನಂಬರಿಗೆ ಈ ಗುಣ ಇಲ್ಲ, ನಾಯ್ಸಿಗೆ ಐತಿ. ಸಿನಿಮಾ ಗ್ರಾಫಿಕ್ಸ್ ಭಾಳ ಯಂತ್ರದಂಗ ಕಾಣ್ತಾವು ಅಂತ ಕೆನ್ ಪರ್ಲಿನ್ 1983ರಾಗ ಇದನ್ನ ಮಾಡಿದ್ದು, 1997ರಾಗ ಆಸ್ಕರ್ ಕೊಡೂ ಅಕಾಡೆಮಿಯವ್ರು ಅದಕ್ಕ ಟೆಕ್ನಿಕಲ್ ಪ್ರಶಸ್ತಿ ಕೊಟ್ರು. ನೆಲ, ಗುಡ್ಡ, ಅದಿರು ಎಲ್ಲಿ ಹೆಚ್ಚು ಎಲ್ಲಿ ಕಡಿಮಿ, ಇಂಥಾದ್ದಕ್ಕ ಅದು. ನಿನ್ನ ಬಾವಿಗೆ ಸದ್ಯಕ್ಕ ಬ್ಯಾಡ.

ನಿನ್ನ ಗವಿ ಕೋಡಿನ ಬಗ್ಗೆ ಹೇಳ್ತೀನಿ. 45 ಪರ್ಸೆಂಟ್ ಚೌಕ ಕಲ್ಲು ಅಂತ ತುಂಬಿ, ಪ್ರತಿ ಚೌಕಕ್ಕೂ ಸುತ್ತಲಿನ 8 ಚೌಕ ಎಣಸೂದು, 5 ಅಥವಾ ಹೆಚ್ಚಿಗಿ ಕಲ್ಲಿದ್ರ ಅದೂ ಕಲ್ಲು, ತಾನ ಕಲ್ಲಾಗಿದ್ರ 4 ಸಾಕು, ಇಲ್ಲಂದ್ರ ಬಯಲು. ಹಿಂಗ ನಾಲ್ಕೈದು ಸಲ. ಗ್ರಿಡ್ಡಿನ ಹೊರಗಿಂದು ಎಲ್ಲಾ ಕಲ್ಲು ಅಂತನ ಹಿಡೀಬೇಕು. ಇಲ್ಲಿ ಒಂದು ನೋಡ್ಕೊ, ಎಣಸೂದು ಹಳೇ ಗ್ರಿಡ್ಡಿನ್ಯಾಗ, ಬರಿಯೂದು ಹೊಸ ಗ್ರಿಡ್ಡಿನ್ಯಾಗ ಇರಬೇಕು. ಒಂದ ಗ್ರಿಡ್ಡಿನ್ಯಾಗ ಎರಡೂ ಮಾಡಿದ್ರ ಮ್ಯಾಲಿನ ಚೌಕ ಬದಲಾಗಿದ್ದು ಕೆಳಗಿನ ಎಣಿಕಿಗೆ ಬಂದು ಗವಿ ಎಲ್ಲಾ ಒಂದ ಕಡೆ ವಾಲ್ತಾವು.

ತುಂಡಾಗೂದಕ್ಕ ಎಲ್ಲಾರೂ ಹೇಳೂದು ಫ್ಲಡ್ ಫಿಲ್. ಒಂದು ಬಯಲು ಚೌಕದಿಂದ ಸುರು ಮಾಡಿ ಮುಟ್ಟಾಕ ಬರೂ ಎಲ್ಲಾ ಚೌಕಕ್ಕೂ ಒಂದು ಗುರ್ತು ಹಾಕೂದು, ಉಳಿದ ತುಂಡಿಗೆ ಬ್ಯಾರೆ ಗುರ್ತು, ದೊಡ್ಡದನ್ನ ಇಟ್ಟುಕೊಂಡು ಸಣ್ಣಾವು ಮುಚ್ಚೂದು. ಅದನ್ನ ಬರಿಯಾಕ ಕಲಿ, ಎಲ್ಲಾ ಕಡೆ ಬೇಕಾಗ್ತೈತಿ. ಆದ್ರ ನಿನಗ ಸಾಧನಕೇರಿಯವ್ರು ಹೇಳಿದ ದಾರಿ ಮದ್ಲ ಇದ್ರ ಇನ್ನೂ ಸರಳ ಐತಿ. ದಾರಿ ಚೌಕಕ್ಕೆಲ್ಲಾ ಬೀಗ ಹಾಕು, ಅಂದ್ರ ಒಂದು ಎರಡನೇ ಅರೇದಾಗ ಇವು ಯಾವಾಗಲೂ ಬಯಲು ಅಂತ ಬರದಿಡು, ಆಟೊಮೇಟಾ ಅವನ್ನ ಬಿಟ್ಟು ಉಳಿದದ್ದನ್ನಷ್ಟ ಕೊರೀಲಿ. ಗವಿ ಹೆಂಗರ ಬರಲಿ, ದಾರಿ ಮುಚ್ಚಾಕ ಅದಕ್ಕ ಹಕ್ಕ ಇಲ್ಲ.

ಮತ್ತ ನೀ ಕಟ್ಟಡದಿಂದ ಗವಿ ಆಗಬೇಕು ಅಂದಿ. ಮ್ಯಾಲಿನ ಎರಡು ಸಾಲಿಗೆ ಆಟೊಮೇಟಾ ಓಡಿಸಬ್ಯಾಡ, ಕೈಯಿಂದ ಮಾಡಿದ ಖೋಲಿ ಹಂಗ ಇರಲಿ. ಮೂರನೇ ಸಾಲಿಗೆ ಒಂದು ಸಲ ಓಡಸು, ಅಂಚಷ್ಟ ಸವೀತಾವು. ನಾಲ್ಕನೇ ಸಾಲಿಗೆ ನಾಲ್ಕು ಸಲ. ಒಂದ ಕೋಡು, ಇಳದಂಗ ಕಲ್ಲು ಕರಗಿದಂಗ ಕಾಣ್ತೈತಿ.

---

ಚುಕ್ಕಿ_ಗ್ರಿಡ್

ಮೂರನೇ ಪ್ರಶ್ನೆಗೆ ಯಾರೂ ಕೈ ಹಚ್ಚಿಲ್ಲ, ನನಗ ಅದ ದೊಡ್ಡದು ಅನಸ್ತದ. ನಾನು ಗೇಮ್ ಆರ್ಟ್ ಮಾಡ್ತೀನಿ, ಧಾರವಾಡದಾಗ ಇರ್ತೀನಿ.

ನಿನ್ನ ಲೆವೆಲ್ ಬಾವಿ ಅನಸೂದಿಲ್ಲ ಯಾಕಂದ್ರ ಬಾವಿ ಹೆಂಗಿರ್ತದ ಅಂತ ನೀ ಕೋಡಿಗೆ ಹೇಳೇ ಇಲ್ಲ. ಕಲ್ಲು ಎಷ್ಟು ಪರ್ಸೆಂಟ್ ಅಂತ ಅಷ್ಟ ಹೇಳೀದಿ. ಯಾರೋ ಬ್ಯಾರೆ ದೇಶದವ್ರು ತಮ್ಮ ಗವಿಗೆ ಬರದ ನಿಯಮದಿಂದ ಲಕ್ಕುಂಡಿ ಹೆಂಗ ಬಂದೀತು ತಮ್ಮಾ? ರವಿವಾರ ಒಂದು ದಿವಸ ಹಾಳಿ ಪೆನ್ಸಿಲ್ ತಗೊಂಡು ಮುಸುಕಿನ ಬಾವಿ ಕಡೆ ಹೋಗು, ಗದಗಿನಿಂದ ಎಷ್ಟರ ದೂರ. ಫೋಟೋ ಹೊಡಕೊಂಡು ಬರಬ್ಯಾಡ, ಕುಂತು ಎಣಸು. ಮಾಣಿಕೇಶ್ವರ ಗುಡಿ ಬಾಜೂಕ ಅದು, ಮೂರು ಕಡೆಯಿಂದ ಮೆಟ್ಟಿಲು ಇಳೀತಾವು, ಇಳಿಯೂ ಮುಂದ ಗೋಡಿಯೊಳಗ ಗುಡಿಯಂಥಾ ಸಣ್ಣ ಸಣ್ಣ ಗೂಡು ಸಿಗ್ತಾವು, ಗೂಡಿಗೆ ಶಿಖರದ ಆಕಾರನೂ ಕೆತ್ತ್ಯಾರ. ಎಷ್ಟು ಮೆಟ್ಟಿಲಿಗೆ ಒಂದು ನಿಲ್ಲೂ ಕಟ್ಟಿ ಬರ್ತದ, ಗೂಡು ಮೆಟ್ಟಿಲದ ಯಾವ ಬದಿಗೆ ಬರ್ತಾವು, ಎಡಕ್ಕ ಒಂದಿದ್ರ ಬಲಕ್ಕ ಅದರ ಜೋಡಿ ಇರ್ತದೇನು, ಕೆಳಗ ಹೋದಂಗ ಬಾವಿ ಸಣ್ಣದಾಗ್ತದಲ್ಲ ಅದು ಎಷ್ಟೆಷ್ಟಕ್ಕ ಸಣ್ಣದಾಗ್ತದ. ಇವೆಲ್ಲಾ ಬರಕೊಂಡು ಬಾ. ಅವ ನಿನ್ನ ಜನರೇಟರಿನ ನಿಯಮ.

ಉದಾಹರಣೆಗೆ ಒಂದು ಮಾಡಿ ತೋರಸ್ತೀನಿ. ಜೋಡಿ ಇರೂದು ಅಂದ್ರ ಸಿಮೆಟ್ರಿ, ಅದನ್ನ ಕೋಡಿನಾಗ ಮಾಡೂದು ಅಗದೀ ಸರಳ, ಖೋಲಿಯ ಎಡ 5 ಟೈಲ್ ಅಷ್ಟ ಮಾಡು, ಬಲದ 5 ಟೈಲ್ ಕನ್ನಡ್ಯಾಗ ಕಂಡಂಗ ತಿರುಗಿಸಿ ಬರಿ. ಒಮ್ಮೆಲೆ ಅದು ಮನಷ್ಯಾರು ಕಟ್ಟಿದ್ದು ಅನ್ನಸ್ತದ. ಗವಿಗೆ ಸಿಮೆಟ್ರಿ ಇರೂದಿಲ್ಲ, ಕಟ್ಟಡಕ್ಕ ಇರ್ತದ, ನೋಡೂ ಕಣ್ಣಿಗೆ ಇದು ಹೇಳ್ದ ತಿಳೀತದ. ಕಪ್ಪತಗುಡ್ಡದವ್ರು ಹೇಳಿದಂಗ ಮ್ಯಾಲಿನ ಎರಡು ಸಾಲಿಗೆ ಪೂರ್ತಿ ಸಿಮೆಟ್ರಿ ಇಡು, ಮೂರನೇ ಸಾಲಿನಾಗ ಬಲದ ಕಡೆ ನಾಲ್ಕೈದು ಕಲ್ಲು ಬಿದ್ದಂಗ ತಗದು ಹಾಕು, ನಾಲ್ಕನೇದಕ್ಕ ಬಿಟ್ಟುಬಿಡು. ಗೂಡು ಮಾತ್ರ ನಿಲ್ಲೂ ಕಟ್ಟಿ ಇದ್ದಲ್ಲೇ ಇಡು, ಎಲ್ಲೆಂದರಲ್ಲಿ ಬ್ಯಾಡ. ದೀಪ ಗೂಡಿನಾಗ ಇಡು. ಆಡವ್ರಿಗೆ ಎರಡನೇ ಸಲಕ್ಕ ಗೊತ್ತಾಗ್ತದ, ಬೆಳಕು ಕಂಡಲ್ಲಿ ನಿಲ್ಲಾಕ ಜಾಗಾ ಅದ ಅಂತ. ಬಾವಿ ಬ್ಯಾರೆ ಆದ್ರೂ ಆ ಭರವಸಾ ಒಂದ ಇರಬೇಕು, ಇಲ್ಲಂದ್ರ ರ‍್ಯಾಂಡಮ್ ಅನ್ನೂದು ಗೊಂದಲ ಅಷ್ಟ ಆಗ್ತದ.

ಲಕ್ಕುಂಡ್ಯಾಗ ನೂರೊಂದು ಗುಡಿ ನೂರೊಂದು ಬಾವಿ ಅಂತ ಹಿರ್ಯಾರು ಹೇಳ್ತಾರಲ್ಲ, ನಿನ್ನ ಗೇಮಿಗೆ ಅದಕ್ಕಿಂತ ಛಲೋ ಹೆಸರಿನ ದಿಕ್ಕು ಇಲ್ಲ, ಸೀಡ್ 1ರಿಂದ 101ರ ತನಕಾ ಆರಿಸಿ ಇಟ್ಟುಬಿಡು, ನೀನ ಆಡಿ ಒಪ್ಪಿದ್ದಷ್ಟ. ಜನರೇಟರ್ ಮಾಡಿದ್ದನ್ನೆಲ್ಲಾ ಆಡವ್ರ ಮುಂದ ಇಡಬೇಕಂತ ಎಲ್ಲೂ ಇಲ್ಲ.

---

ಲಕ್ಕುಂಡಿ_ಹುಡುಗ

ಅಣ್ಣಾರ, ಅಕ್ಕಾರ, ಎಲ್ಲಾರಿಗೂ ಕೈ ಮುಗೀತೀನ್ರಿ, ಇಷ್ಟು ಬರೀತೀರಿ ಅಂತ ಅನ್ಕೊಂಡಿರ್ಲಿಲ್ಲ. ಶಫಲ್ಲ ಇತ್ರಿ, ಹಾವೇರಿ ಅಣ್ಣ ನೋಡಿದಂಗ ಹೇಳಿದ್ರು. ಈಗ ಎರಡು ಜನರೇಟರ್ ಮಾಡೀನಿ, ಸೀಡ್ ಒಂದ ಕೊಟ್ರ ಹಾವು ಸೈತ ಅಲ್ಲಲ್ಲೇ ಬರ್ತಾವು. ದಾಳ ಹಾಕಿ ಹಾಳ್ಯಾಗ ದಾರಿ ಮಾಡಿದೆ, ಅದು ಕೋಡಿಗೆ ಇಳಿಸೋದು ನಾ ತಿಳ್ಕೊಂಡಿದ್ದಕ್ಕಿಂತ ಸರಳ ಆತು. ಸಿಮೆಟ್ರಿ ಹಾಕಿದ ಮ್ಯಾಲ ನಮ್ಮ ರೂಮ್‌ಮೇಟ್ ಹಿಂದಿಂದ ನೋಡಿ ಇದು ಬಾವಿ ಅಲ್ಲೇನೋ ಅಂದ, ಭಾಳ ಖುಷಿ ಆತ್ರಿ.

ಈಗ ಒಂದು ಕಲ್ಲಿನ ಬಾಗಲಾ ಮತ್ತ ಅದರ ಕೀಲಿಕೈ ಇಡಬೇಕಂತ ಮಾಡೀನಿ. ಕೀಲಿಕೈ ರ‍್ಯಾಂಡಮ್ ಜಾಗಾದಾಗ ಇಟ್ರ ಒಮ್ಮೊಮ್ಮೆ ಬಾಗಲದ ಆ ಕಡೆನ ಹೋಗಿ ಕುಂಡ್ರತೈತಿ. ಫ್ಲಡ್ ಫಿಲ್ ಬರದೀನಿ, ಅದರಿಂದ ಆಗ್ತೈತೇನ್ರಿ?

---

ಸಾಧನಕೇರಿ_ಸಿ

ಶಾಬ್ಬಾಸ್! ಫ್ಲಡ್ ಫಿಲ್ಲಿನಿಂದ ಅರ್ಧ ಆಗ್ತದ. ಬಾಗಲಾನ ಕಲ್ಲು ಅಂತ ಹಿಡದು ಹುಡುಗಿ ನಿಂತ ಜಾಗಾದಿಂದ ಫಿಲ್ ಓಡಸು, ಬಣ್ಣ ಬಿದ್ದ ಚೌಕದಾಗ ಅಷ್ಟ ಕೀಲಿಕೈ ಇಡು, ಆವಾಗ ಅದು ಆ ಕಡೆ ಹೋಗೂದಿಲ್ಲ. ಆದ್ರ ನಿಂದು ಇಳಿಯೂ ಗೇಮು, ಒಂದು ಸಾಲಿನಿಂದ ಕೆಳಗ ಬಿದ್ದ ಮ್ಯಾಲೆ ಮ್ಯಾಲಿನ ಸಾಲಿಗೆ ಹತ್ತಾಕ ಬರೂದಿಲ್ಲ. ಬಾಗಲಾ ಮೂರನೇ ಸಾಲಿನಾಗ ಅದ, ಕೀಲಿಕೈ ಒಂದನೇ ಸಾಲಿನಾಗ ಅದ, ನೋಡ್ದ ಇಳದು ಬಂದ್ರು ಅಂದ್ರ ಅಲ್ಲಿಗೆ ಆಟ ಮುಗೀತು.

ಅದಕ್ಕ ಟೈಲ್ ಮಟ್ಟದಾಗ ಬ್ಯಾಡ, ಖೋಲಿ ಮಟ್ಟದಾಗ ವಿಚಾರ ಮಾಡು. ದಾರಿ ಹಾಕೂ ಮುಂದ ಖೋಲಿಗಳನ್ನ ಒಂದು ಅರೇದಾಗ ಸಾಲಾಗಿ ಬರಕೊಂಡಿರ್ತಿ, ಮೊದಲನೇದು, ಎರಡನೇದು ಅಂತ. ಒಂದ ಸಾಲಿನಾಗ ಎರಡು ಅಥವಾ ಹೆಚ್ಚು ದಾರಿ ಖೋಲಿ ಇರೂ ಜಾಗಾ ಹುಡುಕು, ಬಾಗಲಾನ ಆ ಸಾಲಿನ ಕಡೀ ಖೋಲಿಗೆ ಹೋಗೂ ಮುಂದ ಇಡು, ಕೀಲಿಕೈ ಅದ ಸಾಲಿನಾಗ ಬಾಗಲಕ್ಕಿಂತ ಹಿಂದಿನ ಖೋಲಿಯೊಳಗ ಇಡು. ಇನ್ನೂ ಛಂದ ಬೇಕಂದ್ರ ಆ ಸಾಲಿನಾಗ ಹುಡುಗಿ ಇಳದ ಖೋಲಿಯ ಇನ್ನೊಂದು ಬದಿಗೆ 0 ನಂಬರಿನ ಖೋಲಿ ಅದನು ಅಂತ ನೋಡು, ಇದ್ರ ಅದನ್ನ 1 ಮಾಡಿ ನಡುವಿನ ಗೋಡಿ ತಗದು ಕೀಲಿಕೈ ಅದರಾಗ ಇಡು. ನಾ ಮ್ಯಾಲೆ ಹಾಕಿದ ಗ್ರಿಡ್ಡಿನ ಎರಡನೇ ಸಾಲು ನೋಡು, 2 1 3 0. ಹುಡುಗಿ 3ಕ್ಕ ಇಳೀತಾಳ, ದಾರಿ ಎಡಕ್ಕ ಅದ, ಕೀಲಿಕೈ ಬಲದ 0ದಾಗ, ಬಾಗಲಾ 1ಕ್ಕೂ ಎಡಗಡೆ 2ಕ್ಕೂ ನಡುವ. ಬಂದಾಕಿ ಬಾಗಲಾ ನೋಡ್ತಾಳ, ಹೊಳ್ಳಿ ಹೋಗಿ ಕೀಲಿಕೈ ತರ್ತಾಳ, ಎಲ್ಲಾ ಒಂದ ಸಾಲಿನಾಗ.

ಮೂರನೇ ಸಾಲಿನಂಗ ಒಂದ ಖೋಲಿ ಇದ್ದ ಸಾಲಿಗೆ ಬಾಗಲಾ ಇಡಬ್ಯಾಡ. ಸಾವಿರ ಸೀಡ್ ಓಡಸೂ ಟೆಸ್ಟಿನಾಗ ಇದನ್ನೂ ಸೇರಸು, ಕೀಲಿಕೈ ಇರೂ ಸಾಲು ಬಾಗಲಾ ಇರೂ ಸಾಲು ಎರಡೂ ಒಂದ ಅದಾವೇನು ಅಂತ.